ಜ್ವರ ಬಂದು ರೂಮಲ್ಲೇ ಇರುವ ಮಗಳಿಗೆ ಜಪಾನಿನ ಕೊಂಬಿನಿ ಊಟ ಸಾಕಾಗುತ್ತಾ?

ಪ್ರಶ್ನೆ: ನನ್ನ ಮಗಳು ಜಪಾನಿನ ಫುಕುಓಕಾದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಮೊನ್ನೆ ಜ್ವರ ಬಂದು ಟೆಸ್ಟ್ ಮಾಡಿಸಿದರೆ ಇನ್‌ಫ್ಲುಯೆಂಜಾ ಅಂತ ಬಂತು. ಒಂದು ವಾರ ರೂಮ್ ಬಿಟ್ಟು ಬರಬೇಡ ಅಂದಿದ್ದಾರೆ. ಹಾಸ್ಟೆಲಿನಲ್ಲಿ ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ, ಅಲ್ಲಿಗೂ ಹೋಗುವ ಹಾಗಿಲ್ಲ. ರೂಮಲ್ಲಿ ಇರುವುದು ಮೈಕ್ರೊವೇವ್, ಕೆಟಲ್, ಚಿಕ್ಕ ಫ್ರಿಜ್ ಅಷ್ಟೆ. ಗೆಳತಿಯೊಬ್ಬಳು ಕೆಳಗಿನ ಕೊಂಬಿನಿಯಿಂದ, ಅಂದರೆ 24 ಗಂಟೆಯೂ ತೆರೆದಿರುವ ಅಂಗಡಿಯಿಂದ, ಊಟ ತಂದು ಬಾಗಿಲ ಮುಂದೆ ಇಟ್ಟು ಹೋಗುತ್ತಾಳೆ. ಅನ್ನದ ಉಂಡೆ, ಮೊಟ್ಟೆ ಸ್ಯಾಂಡ್‌ವಿಚ್, ತರಕಾರಿ ಚಿತ್ರ ಇರುವ ಕಪ್ ನೂಡಲ್ಸ್, ದಿನಾ ಇದೇ. ಮಗಳು ಮೊಟ್ಟೆ ತಿನ್ನುತ್ತಾಳೆ, ಮೀನು ಮಾಂಸ ಮುಟ್ಟುವುದಿಲ್ಲ. ಪ್ಯಾಕೆಟ್ ಊಟದಲ್ಲಿ ಪ್ರಿಸರ್ವೇಟಿವ್ ಇರುತ್ತದಲ್ವಾ? ಇದರಲ್ಲಿ ವಾರ ಕಳೆಯಬಹುದಾ? ಇಲ್ಲಿಂದ ಏನಾದರೂ ಪಾರ್ಸೆಲ್ ಕಳಿಸಲಾ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಮೊದಲು ಗಾಬರಿ ಬಿಡಿ. ಒಂದು ವಾರ ಕೊಂಬಿನಿ ಊಟದಲ್ಲೇ ಇದ್ದರೆ ಮಗಳಿಗೆ ಏನೂ ಆಗುವುದಿಲ್ಲ. ಹುಷಾರಿಲ್ಲದವರಿಗೆ ಬೇಕಾದ್ದೆಲ್ಲ ಆ ಅಂಗಡಿಯಲ್ಲಿ ಸಿಗುತ್ತದೆ. ಆದರೆ ನೀವು ಬರೆದಿರುವ ಮೂರೇ ತಿನಿಸಿನಲ್ಲಿ ವಾರ ದೂಡುವುದು ಬೇಡ. ಗೆಳತಿಗೆ ಹೇಳಬೇಕಾದ್ದು ಇಷ್ಟು: ರೆಡಿ ಊಟ ತರಬೇಡ, ಊಟದ ಸಾಮಾನು ತಾ. ಅನ್ನ ಬೇರೆ, ಮೊಸರು ಬೇರೆ, ತೋಫು, ಅಂದರೆ ಸೋಯಾ ಹಾಲಿನ ಪನೀರ್, ಬೇರೆ, ತರಕಾರಿ ಬೇರೆ. ತಟ್ಟೆಯಲ್ಲಿ ಸೇರಿಸಿಕೊಳ್ಳುವುದು ಮಗಳ ಕೆಲಸ. ಇದಕ್ಕೆ ಒಲೆ ಬೇಕಿಲ್ಲ, ಇರುವ ಮೈಕ್ರೊವೇವ್ ಸಾಕು.

ಒಂದು ವಾರ ಅಂದಿದ್ದು ಸುಮ್ನೆ ಅಂದಾಜಿನ ಮಾತಲ್ಲ. ಇನ್‌ಫ್ಲುಯೆಂಜಾ ಬಂದರೆ ಲಕ್ಷಣ ಕಾಣಿಸಿಕೊಂಡ ಮೇಲೆ 5 ದಿನ ಕಳೆಯಬೇಕು, ಜ್ವರ ಬಿಟ್ಟ ಮೇಲೆ 2 ದಿನ ಕಳೆಯಬೇಕು. ಎರಡೂ ಮುಗಿಯುವ ತನಕ ತರಗತಿಗೆ ಬರುವ ಹಾಗಿಲ್ಲ ಅನ್ನುವುದು ಜಪಾನಿನ ಶಾಲೆ ಕಾಲೇಜುಗಳ ನಿಯಮ. ಲಕ್ಷಣ ಶುರುವಾದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋವಿಡ್ ಆಗಿದ್ದರೂ ಇದೇ 5 ದಿನ, ಲಕ್ಷಣ ಇಳಿದ ಮೇಲೆ 1 ದಿನ. ಊಟದ ಮಟ್ಟಿಗೆ ಈ ವಾರದಲ್ಲಿ ಎರಡು ಭಾಗ ಇದೆ. ಮೊದಲ ಎರಡು ಮೂರು ದಿನ ಮೈ ಸುಡುತ್ತಿರುತ್ತದೆ, ಬಾಯಿಗೆ ಏನೂ ಸೇರುವುದಿಲ್ಲ. ಆಮೇಲೆ ಹಸಿವು ಶುರುವಾಗುತ್ತದೆ, ಬೇಜಾರೂ ಶುರುವಾಗುತ್ತದೆ. ಎರಡಕ್ಕೂ ಒಂದೇ ಪಟ್ಟಿ ಹಿಡಿದುಕೊಂಡು ಹೋದರೆ ಕೆಲಸ ಕೆಡುತ್ತದೆ.

ಮೊದಲು ನಿಮ್ಮ ಪ್ರಿಸರ್ವೇಟಿವ್ ಭಯ. ಜಪಾನಿನ ಮೊದಲ ಸೆವೆನ್-ಇಲೆವೆನ್ ಟೋಕಿಯೊದ ತೊಯೊಸು ಅನ್ನುವ ಕಡೆ ತೆರೆದಿದ್ದು 1974ರಲ್ಲಿ. ಇವತ್ತು ಆ ದೇಶದಲ್ಲಿ ಇಂಥ ಅಂಗಡಿಗಳು 55,000ಕ್ಕೂ ಜಾಸ್ತಿ ಇವೆ. ಸೆವೆನ್-ಇಲೆವೆನ್, ಫ್ಯಾಮಿಲಿಮಾರ್ಟ್, ಲಾಸನ್, ಈ ಮೂರು ದೊಡ್ಡವು. ಇವುಗಳ ಅನ್ನದ ತಿನಿಸು ತಿಂಗಳುಗಟ್ಟಲೆ ಕೂತಿರುವ ಮಾಲಲ್ಲ. ದಿನಕ್ಕೆ ಹಲವು ಸಲ ಲಾರಿಯಲ್ಲಿ ಹೊಸದು ಬರುತ್ತದೆ. ಅನ್ನದ ಉಂಡೆ, ಅಂದರೆ ಒನಿಗಿರಿ, ಮತ್ತು ಅನ್ನದ ಡಬ್ಬಿಗಳನ್ನು ಸುಮಾರು 20 ಡಿಗ್ರಿಯಲ್ಲಿ ಸಾಗಿಸುತ್ತಾರೆ. ಸ್ಯಾಂಡ್‌ವಿಚ್, ಸಲಾಡ್, ಹಾಲು ಮೊಸರು ಅದಕ್ಕಿಂತ ತಣ್ಣಗೆ. ಅನ್ನವನ್ನು ತೀರಾ ತಣ್ಣಗಿಟ್ಟರೆ ಅದರ ಪಿಷ್ಟ ಬಿಗಿದುಕೊಂಡು ಅಗುಳು ಗಟ್ಟಿಯಾಗುತ್ತದೆ, ಅದಕ್ಕೇ ಈ ಬೇರೆ ಬೇರೆ ವ್ಯವಸ್ಥೆ. ಮಗಳು ಒನಿಗಿರಿಯನ್ನು ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಕಚ್ಚಿ, ಕಲ್ಲಿನ ಹಾಗಿದೆ ಅಂದರೆ ಕೆಟ್ಟಿದೆ ಅಂತಲ್ಲ. ಅರ್ಧ ನಿಮಿಷ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ಹಾಗಾದರೆ ಒಂದು ದಿನ ಹಾಳಾಗದೆ ಉಳಿಯುವುದು ಹೇಗೆ? ಸ್ವಚ್ಛವಾದ ಕಾರ್ಖಾನೆ, ಸರಿಯಾದ ತಣ್ಣನೆ, ಜೊತೆಗೆ ಅನ್ನದ ಹುಳಿಯನ್ನು ಸ್ವಲ್ಪ ಏರಿಸುವ ಪದಾರ್ಥ, ಗ್ಲೈಸಿನ್ ಇಂಥವು. ಇವು ಬ್ಯಾಕ್ಟೀರಿಯಾ ಬೆಳೆಯುವುದನ್ನು ತಡೆಯುತ್ತವೆ. ಹೆಸರು ಕೇಳಿದರೆ ಕೆಮಿಕಲ್ ಅನಿಸುತ್ತದೆ. ಆದರೆ ಗ್ಲೈಸಿನ್ ಅನ್ನುವುದು ನಾವು ತಿನ್ನುವ ಪ್ರೋಟೀನಿನಲ್ಲೇ ಇರುವ ಒಂದು ಅಂಶ. ಒಂದು ವಾರಕ್ಕೆ ಇದರ ಚಿಂತೆ ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ. ಚಿಂತೆ ಮಾಡಬೇಕಾದ್ದು ಗಡುವಿನ ಬಗ್ಗೆ. ಡಬ್ಬಿ ಊಟ, ಒನಿಗಿರಿ, ಸ್ಯಾಂಡ್‌ವಿಚ್ ಮೇಲೆ ತಾರೀಕಿನ ಜೊತೆ ಗಂಟೆಯನ್ನೂ ಹಾಕಿರುತ್ತಾರೆ. ಆ ಗಂಟೆ ದಾಟಿದ ಮೇಲೆ ತಿನ್ನಬಾರದು. ಜ್ವರದಲ್ಲಿ ಅರ್ಧ ತಿಂದು ಮಂಚದ ಪಕ್ಕ ಬಿಟ್ಟ ಅನ್ನವನ್ನು ಸಂಜೆ ಮತ್ತೆ ತಿನ್ನಲೂಬಾರದು. ಬೆಂದ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಕ್ಯಾನ್, ಬಿಸ್ಕತ್ತು, ಪ್ಯಾಕ್ ಅನ್ನದ ಮೇಲಿನ ತಾರೀಕು ಬೇರೆ ಥರದ್ದು. ಅದು ರುಚಿ ಚೆನ್ನಾಗಿರುವ ಅವಧಿ, ದಾಟಿದ ಮಾರನೇ ದಿನವೇ ಎಸೆಯಬೇಕಿಲ್ಲ.

ಕೊಂಬಿನಿ ಊಟದಲ್ಲೇ ದಿನ ಕಳೆದವರು ನಿಮ್ಮ ಮಗಳೊಬ್ಬಳೇ ಅಲ್ಲ. 2021ರ ಬೇಸಿಗೆಯಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಹೋದ ವಿದೇಶಿ ಪತ್ರಕರ್ತರನ್ನು ಕ್ವಾರಂಟೈನ್ ದಿನಗಳಲ್ಲಿ ಹೋಟೆಲಿನಿಂದ 15 ನಿಮಿಷ ಮಾತ್ರ ಹೊರಗೆ ಬಿಡುತ್ತಿದ್ದರು. ಅಷ್ಟರಲ್ಲಿ ಹೋಗಿ ಬರಲು ಆಗುತ್ತಿದ್ದುದು ಪಕ್ಕದ ಕೊಂಬಿನಿಗೆ. ಅವರು ಅಲ್ಲಿನ ಮೊಟ್ಟೆ ಸ್ಯಾಂಡ್‌ವಿಚ್ಚನ್ನು ಹೊಗಳಿದ್ದು ಜಗತ್ತೆಲ್ಲ ಸುದ್ದಿಯಾಯಿತು. ಅದೇ ವರ್ಷ ಮೇ ಕೊನೆಯಿಂದ ಭಾರತದಿಂದ ಹೋದವರನ್ನು ಸರ್ಕಾರ ಗೊತ್ತು ಮಾಡಿದ ಜಾಗದಲ್ಲಿ 10 ದಿನ ಇರಿಸುತ್ತಿದ್ದರು. ಅಲ್ಲಿ ಕೊಟ್ಟಿದ್ದನ್ನು ತಿನ್ನಬೇಕಿತ್ತು. ಅದಕ್ಕೆ ಹೋಲಿಸಿದರೆ ಕೆಳಗೇ ಒಂದು ಅಂಗಡಿ, ತಂದುಕೊಡಲು ಒಬ್ಬ ಗೆಳತಿ ಇರುವುದು ದೊಡ್ಡ ಅನುಕೂಲ.

ಈಗ ಅವಳ ಮೂರು ತಿನಿಸಿಗೆ ಬರೋಣ. ಇದರಲ್ಲಿ ಹೊಟ್ಟೆ ತುಂಬುತ್ತದೆ, ಕ್ಯಾಲರಿಗೆ ಕೊರತೆ ಇಲ್ಲ. ಜಾಸ್ತಿ ಆಗುವುದು ಉಪ್ಪು, ಕಡಿಮೆ ಆಗುವುದು ತರಕಾರಿ ಮತ್ತು ನಾರು. ಜಪಾನಿನಲ್ಲಿ ಪ್ಯಾಕೆಟ್ ಆಹಾರದ ಮೇಲೆ ಉಪ್ಪೆಷ್ಟು ಅಂತ ಗ್ರಾಂ ಲೆಕ್ಕದಲ್ಲೇ ಬರೆಯಬೇಕು. ಸೋಡಿಯಂ ಮಿಲಿಗ್ರಾಂ ಹಿಡಿದು ಗುಣಾಕಾರ ಮಾಡುವ ಕಷ್ಟ ಇಲ್ಲ. ತುಂಬ ಒಳ್ಳೆಯ ಪದ್ಧತಿ. ನಿಸ್ಸಿನ್ ಕಂಪನಿಯ ಮಾಮೂಲಿ ಕಪ್ ನೂಡಲ್ ಒಂದರಲ್ಲಿ 4.9 ಗ್ರಾಂ ಉಪ್ಪು ಇದೆ, ಹೆಚ್ಚು ಕಡಿಮೆ ಅರ್ಧ ಅದರ ಸೂಪಿನಲ್ಲೇ. ಒಂದು ಒನಿಗಿರಿಯಲ್ಲಿ 1 ಗ್ರಾಂ ಆಸುಪಾಸು. ಹೆಂಗಸರಿಗೆ ದಿನಕ್ಕೆ 6.5 ಗ್ರಾಂ ಒಳಗೆ ಇರಲಿ ಅನ್ನುವುದು ಜಪಾನ್ ಸರ್ಕಾರದ ಗುರಿ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುವುದು 5 ಗ್ರಾಂ. ಒಂದು ಕಪ್ ನೂಡಲ್ಸ್, ಎರಡು ಒನಿಗಿರಿ ಅಂದರೆ ಅಲ್ಲಿಗೇ ದಿನದ ಕೋಟಾ ಮುಗಿಯಿತು. ಸ್ಯಾಂಡ್‌ವಿಚ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಹೀಗೆ ನಾಲ್ಕು ದಿನ ಕಳೆದರೆ ಬೆಳಿಗ್ಗೆ ಏಳುವಾಗ ಮುಖ ಉಬ್ಬಿದ ಹಾಗೆ, ಎಷ್ಟು ನೀರು ಕುಡಿದರೂ ಬಾಯಾರಿಕೆ ಹೋಗದ ಹಾಗೆ, ಜೊತೆಗೆ ಮಲಬದ್ಧತೆ. ಮಕ್ಕಳು ಫೋನಿನಲ್ಲಿ ಇದನ್ನೆಲ್ಲ ಜ್ವರದ ಲಕ್ಷಣ ಅಂತ ಹೇಳುತ್ತಾರೆ. ಅದರಲ್ಲಿ ಒಂದಷ್ಟು ಊಟದ್ದೇ ತಪ್ಪು.

ಇನ್ನೊಂದು ವಿಷಯ. ಕೇಳಿ ಬೇಸರ ಮಾಡಿಕೊಳ್ಳಬೇಡಿ. ಕಪ್ ನೂಡಲ್ಸ್ ಮೇಲೆ ತರಕಾರಿ ಚಿತ್ರ ಇದ್ದ ಮಾತ್ರಕ್ಕೆ ಅದು ಸಸ್ಯಾಹಾರ ಅಲ್ಲ. ಒಳಗೆ ಹಂದಿ, ಕೋಳಿ ಅಥವಾ ಮೀನಿನ ಸಾರ ಇರುವುದೇ ಮಾಮೂಲು. ಇಷ್ಟು ದಿನ ತಿಂದಿದ್ದಕ್ಕೆ ಮಗಳು ಮನಸ್ಸಿಗೆ ಹಚ್ಚಿಕೊಳ್ಳುವುದು ಬೇಡ. ಇನ್ನು ಮುಂದೆ ನೋಡಿ ಕೊಂಡರಾಯಿತು.

ನೋಡುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಬಹಳ ಜನ ಎಡವುತ್ತಾರೆ. ಪ್ಯಾಕೆಟಿನ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದೆ. ಅದರ ಕೊನೆಯಲ್ಲಿ ಅಲರ್ಜಿ ಇರುವವರಿಗಾಗಿ ಒಂದು ಸಾಲು: ಇದರಲ್ಲಿ ಹಾಲು, ಮೊಟ್ಟೆ, ಗೋಧಿ, ಸೋಯಾ, ಕೋಳಿ, ಹಂದಿ ಇದೆ ಅಂತ. ನಮ್ಮ ಹುಡುಗರು ಫೋನಿನ ಕ್ಯಾಮೆರಾದಲ್ಲಿ ಆ ಸಾಲನ್ನಷ್ಟೇ ಅನುವಾದ ಮಾಡಿ, ಮಾಂಸ ಕಾಣದಿದ್ದರೆ ತಿನ್ನುತ್ತಾರೆ. ಆದರೆ ಜಪಾನಿನ ಅಡುಗೆಯಲ್ಲಿ ಎಲ್ಲದಕ್ಕೂ ಬೀಳುವ ಮೀನು ಅಂದರೆ ಕತ್ಸುಓ. ಅದನ್ನು ಒಣಗಿಸಿ, ತುರಿದು, ಕುದಿಸಿ ದಾಶಿ ಅನ್ನುವ ಸಾರು ತೆಗೆಯುತ್ತಾರೆ. ಆ ಅಲರ್ಜಿ ಪಟ್ಟಿಯಲ್ಲಿ ಸಾಲ್ಮನ್ ಇದೆ, ಬಂಗುಡೆ ಜಾತಿಯ ಸಾಬಾ ಇದೆ, ಸೀಗಡಿ ಏಡಿ ಇದೆ, ಕತ್ಸುಓ ಇಲ್ಲ. ಹಾಗಾಗಿ ಕೊನೆಯ ಸಾಲು ಚೊಕ್ಕವಾಗಿ ಕಂಡರೂ ಮೇಲಿನ ಪಟ್ಟಿಯಲ್ಲಿ ಕತ್ಸುಓ ಕೂತಿರಬಹುದು. ಪಟ್ಟಿ ಪೂರ್ತಿ ಓದಬೇಕು. ಕತ್ಸುಓ, ದಾಶಿ, ಎಕಿಸು ಅಂದರೆ ಸಾರ, ಪೋಕು ಅಂದರೆ ಹಂದಿ, ಚಿಕಿನ್ ಅಂದರೆ ಕೋಳಿ, ರಾಡೊ ಅಂದರೆ ಹಂದಿ ಕೊಬ್ಬು, ಜೆರಾಚಿನ್ ಅಂದರೆ ಪ್ರಾಣಿಯ ಚರ್ಮ ಮೂಳೆಯಿಂದ ತೆಗೆಯುವ ಜೆಲಟಿನ್, ಇಷ್ಟನ್ನು ಗುರುತು ಹಿಡಿದರೆ ಮುಕ್ಕಾಲು ಕೆಲಸ ಆಯಿತು. ಎಕಿಸು ಕಂಡರೆ ಯಾವುದರ ಸಾರ ಅಂತ ಮಾತ್ರ ನೋಡಬೇಕು, ಯೀಸ್ಟ್ ಸಾರಕ್ಕೂ ಅದೇ ಪದ. ಜೆಲಟಿನ್ ಬಣ್ಣ ಬಣ್ಣದ ಮೊಸರಿನ ಕಪ್, ಪುಡಿಂಗ್, ಜೆಲ್ಲಿ ಮಿಠಾಯಿಗಳಲ್ಲಿ ಬರುತ್ತದೆ.

ಇದರಿಂದಾಗಿ ನಮ್ಮವರು ಕಣ್ಣು ಮುಚ್ಚಿ ಕೊಳ್ಳುವ ಕೆಲವು ತಿನಿಸನ್ನು ಬಿಡಬೇಕಾಗುತ್ತದೆ. ಸೋಯಾ ಹಾಳೆಯಲ್ಲಿ ಅನ್ನ ತುಂಬಿದ ಸಿಹಿ ಇನಾರಿ ಸಾಮಾನ್ಯವಾಗಿ ದಾಶಿಯಲ್ಲಿ ಬೆಂದಿರುತ್ತದೆ. ತಣ್ಣನೆ ಸೋಬಾ ನೂಡಲ್ಸ್‌ ಜೊತೆ ಕೊಡುವ ಅದ್ದುವ ಸಾರಿನಲ್ಲಿ ಕತ್ಸುಓ ಇರುತ್ತದೆ. ಚಳಿಗಾಲದಲ್ಲಿ ಕೌಂಟರಿನ ಪಕ್ಕ ಸಾರಿನಲ್ಲಿ ಕುದಿಯುವ ಓದೆನ್ ಅನ್ನುವ ತಿನಿಸು ಕೂಡ ಹಾಗೇ, ಅದರಲ್ಲಿ ಮೂಲಂಗಿ ತೇಲುತ್ತಿದ್ದರೂ. ಮಸಾಲೆಯ ಕರ್ರಿ ತುಂಬಿದ ಬ್ರೆಡ್ ಒಳಗೆ ಹೆಚ್ಚಾಗಿ ಮಾಂಸ ಇರುತ್ತದೆ. ಕೌಂಟರಿನ ಆಲೂಗಡ್ಡೆ ಕರಿದದ್ದು ಕೋಳಿ ಕರಿದ ಎಣ್ಣೆಯಲ್ಲೇ ಆಗಿರಬಹುದು. ಒನಿಗಿರಿಗಳಲ್ಲಿ ಬರೀ ಉಪ್ಪಿನದು ಸಿಕ್ಕರೆ ಅದೇ ಒಳ್ಳೆಯದು. ಉಮೆಬೋಶಿ, ಅಂದರೆ ಉಪ್ಪು ಹಾಕಿ ಒಣಗಿಸಿದ ಹುಳಿ ಹಣ್ಣಿನದೂ ಆಗಬಹುದು, ಆದರೆ ಕೆಲವು ಕಂಪನಿಯವರು ಅದಕ್ಕೂ ಕತ್ಸುಓ ಹಾಕುತ್ತಾರೆ. ಒಂದೊಂದು ಅಂಗಡಿಯದೂ ಬೇರೆ, ಆಗಾಗ ಬದಲಾಗುವುದೂ ಉಂಟು. ಸರಿಯಾದದ್ದು ಒಮ್ಮೆ ಸಿಕ್ಕಿದರೆ ಪ್ಯಾಕೆಟಿನ ಫೋಟೊ ತೆಗೆದು ಗೆಳತಿಗೆ ಕಳಿಸಿ, ಇದೇ ತಾ ಅಂದರಾಯಿತು.

ಒನಿಗಿರಿ ಬಿಚ್ಚುವುದು ಕಷ್ಟ ಅಂತ ಹೊಸಬರು ಹೇಳುವುದುಂಟು. ಪ್ಲಾಸ್ಟಿಕ್ ಮೇಲೆ 1, 2, 3 ಅಂತ ಗುರುತು ಇರುತ್ತದೆ. ತುದಿಯಲ್ಲಿರುವ 1ನ್ನು ಹಿಡಿದು ಹಿಂದಿನವರೆಗೂ ಸುತ್ತಲೂ ಸೀಳಬೇಕು, ಆಮೇಲೆ 2 ಮತ್ತು 3ರ ಮೂಲೆಗಳನ್ನು ಎರಡೂ ಪಕ್ಕಕ್ಕೆ ಎಳೆಯಬೇಕು. ಅನ್ನಕ್ಕೂ ಕಡಲಪಾಚಿಯ ಹಾಳೆಗೂ ನಡುವೆ ಒಂದು ತೆಳು ಪದರ ಇದೆ, ಅದು ಈಚೆಗೆ ಬರುತ್ತದೆ, ಹಾಳೆ ಅನ್ನಕ್ಕೆ ಅಂಟಿಕೊಳ್ಳುತ್ತದೆ. ತಿನ್ನುವ ತನಕ ಹಾಳೆ ಗರಿಗರಿ ಇರಲಿ ಅಂತ ಈ ಏರ್ಪಾಡು. ಮೊದಲೇ ಬಿಚ್ಚಿಟ್ಟರೆ ಮೆತ್ತಗಾಗಿ ವಾಸನೆ ಬರುತ್ತದೆ. ಜ್ವರದ ಬಾಯಿಗೆ ಅದು ಹಿಡಿಸುವುದಿಲ್ಲ.

ಈಗ ಸಾಮಾನಿನ ವಿಷಯ. ಮೊದಲನೆಯದು ಪ್ಯಾಕ್ ಅನ್ನ. ಪ್ಲಾಸ್ಟಿಕ್ ಬಟ್ಟಲಿನಲ್ಲಿ ಮುಚ್ಚಿದ ಬೆಂದ ಅನ್ನ, ಸಾಮಾನ್ಯವಾಗಿ 200 ಗ್ರಾಂ, ಸುಮಾರು 290 ಕ್ಯಾಲರಿ, ಉಪ್ಪು ಇಲ್ಲವೇ ಇಲ್ಲ ಅನ್ನಬಹುದು. ತಿಂಗಳುಗಟ್ಟಲೆ ಹೊರಗೇ ಇಡಬಹುದು. ಮೂಲೆ ಸ್ವಲ್ಪ ಬಿಚ್ಚಿ 500 ವಾಟ್‌ನಲ್ಲಿ 2 ನಿಮಿಷ ಇಟ್ಟರೆ ಹಬೆಯಾಡುವ ಅನ್ನ. ಅಲ್ಲಿನ ಅಕ್ಕಿ ಅಂಟಂಟು, ನಮ್ಮ ಸೋನಾಮಸೂರಿ ಹಾಗೆ ಉದುರುವುದಿಲ್ಲ. ಅದಕ್ಕೇ ಮೊಸರನ್ನಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಕೊಂಬಿನಿಯಲ್ಲಿ 400 ಗ್ರಾಂ ಡಬ್ಬಿಯಲ್ಲಿ ಸಕ್ಕರೆ ಇಲ್ಲದ ಪ್ಲೇನ್ ಮೊಸರು ಸಿಗುತ್ತದೆ, ಮೆಯಿಜಿ ಬಲ್ಗೇರಿಯಾ ಅಂಥದ್ದು. ಚಿಕ್ಕ ಕಪ್‌ಗಳಲ್ಲಿ ಸಿಹಿ ಜಾಸ್ತಿ, ದೊಡ್ಡ ಡಬ್ಬಿಯದೇ ತರಿಸಿ. ಬಿಸಿ ಅನ್ನಕ್ಕೆ ಸ್ವಲ್ಪ ಹಾಲು ಹಾಕಿ ಹಿಸುಕಿ, ಆರಿದ ಮೇಲೆ ಮೊಸರು, ಉಪ್ಪು. ಜ್ವರ ಬಿಟ್ಟ ದಿನ ಇದಕ್ಕಿಂತ ಹಿತವಾದದ್ದು ಬೇರೆ ಇಲ್ಲ ಅಂತ ನನ್ನ ನಂಬಿಕೆ.

ಜ್ವರ ಜೋರಿರುವ ದಿನಗಳಿಗೆ ಒಕಾಯು ಇದೆ. ಅದು ನಮ್ಮ ಗಂಜಿಯೇ. ಕರಾವಳಿಯವರು ಗಂಜಿಗೆ ಮಾವಿನಮಿಡಿ ಉಪ್ಪಿನಕಾಯಿ ನಂಚಿಕೊಂಡ ಹಾಗೆ ಜಪಾನಿನವರು ಉಮೆಬೋಶಿ ನಂಚಿಕೊಳ್ಳುತ್ತಾರೆ. ಹುಷಾರಿಲ್ಲದವರಿಗೆ ಅಲ್ಲಿನ ಮನೆಗಳಲ್ಲಿ ಕೊಡುವುದೂ ಇದನ್ನೇ. ಚೀಲದಲ್ಲಿ ರೆಡಿಯಾಗಿ ಸಿಗುತ್ತದೆ, ಬಟ್ಟಲಿಗೆ ಸುರಿದು ಬಿಸಿ ಮಾಡಿದರೆ ಆಯಿತು. ಬಿಳಿಯದು, ಬರೀ ಅಕ್ಕಿ ನೀರಿನದು ತರಿಸಿ. ಮೊಟ್ಟೆ ಹಾಕಿದ ಒಕಾಯುವಿನಲ್ಲಿ ದಾಶಿ ಇರುತ್ತದೆ. ಆದರೆ ನೆನಪಿಡಿ, 250 ಗ್ರಾಂ ಚೀಲದಲ್ಲಿ ಇರುವುದು 90 ಕ್ಯಾಲರಿ ಆಸುಪಾಸು ಮಾತ್ರ. ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಮೈಗೆ ಸಿಗುವುದು ಕಡಿಮೆ. ಒಂದು ಚಮಚ ಬೆಣ್ಣೆ ಹಾಕಿಕೊಳ್ಳಲಿ, ಒಂದು ಲೋಟ ಹಾಲೋ ಸೋಯಾ ಹಾಲೋ ಜೊತೆಗಿರಲಿ. ಹಳೇ ಪದ್ಧತಿಯ ಉಮೆಬೋಶಿ ಒಂದರಲ್ಲೇ 2 ಗ್ರಾಂ ಉಪ್ಪು ಇರಬಹುದು. ದಿನಕ್ಕೆ ಒಂದು ಸಾಕು.

ಪ್ರೋಟೀನ್ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಕೊಂಬಿನಿ ನಿಜಕ್ಕೂ ಒಳ್ಳೆಯ ಜಾಗ. ಮಗಳಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಸಿಹಿ ಹಾಕದ ಸೋಯಾ ಹಾಲಿನ 200 ಮಿಲಿ ಪೊಟ್ಟಣದಲ್ಲಿ 8 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ. 150 ಗ್ರಾಂ ತೋಫುವಿನಲ್ಲಿ 8ರಿಂದ 10 ಗ್ರಾಂ. ಎಡಮಾಮೆ ಅಂದರೆ ಹಸಿ ಸೋಯಾ ಕಾಯಿ, ಬೇಯಿಸಿ ಫ್ರೀಜ್ ಮಾಡಿದ್ದು. ನಮ್ಮ ಅವರೆಕಾಯಿ ತಿಂದು ಬೆಳೆದವರಿಗೆ ಬೇಗ ಹಿಡಿಸುತ್ತದೆ. ಬಿಡಿಸಿದ ಕಾಳು 100 ಗ್ರಾಂ ತಿಂದರೆ 11 ಗ್ರಾಂ ಪ್ರೋಟೀನ್, 4 ಗ್ರಾಂಗೂ ಮೇಲೆ ನಾರು. ಅಂಗಡಿಯಲ್ಲಿ ಬೇಯಿಸಿ ಇಟ್ಟ ಮೊಟ್ಟೆಗೆ ಉಪ್ಪು ಮೊದಲೇ ಹಿಡಿದಿರುತ್ತದೆ, ಮೇಲೆ ಮತ್ತೆ ಹಾಕಿಕೊಳ್ಳಬೇಕಿಲ್ಲ. ಅದನ್ನು ಮೈಕ್ರೊವೇವ್‌ನಲ್ಲಿ ಮಾತ್ರ ಇಡಬಾರದು. ಒಳಗೆ ಹಬೆ ಕಟ್ಟಿಕೊಂಡು ಸಿಡಿಯುತ್ತದೆ, ಕೆಲವು ಸಲ ಬಾಯಿಗೆ ಹಾಕಿ ಕಚ್ಚಿದ ಮೇಲೆ. ಬಿಸಿ ಬೇಕಿದ್ದರೆ ಬಿಸಿ ನೀರಲ್ಲಿ ಐದು ನಿಮಿಷ ಮುಳುಗಿಸಿಡಲಿ.

ನಟ್ಟೋ, ಅಂದರೆ ಹುದುಗಿಸಿದ ಸೋಯಾ ಕಾಳು, ಎಲ್ಲರಿಗೂ ಹಿಡಿಸುವುದಿಲ್ಲ. ಹಿಡಿಸಿದರೆ ಒಂದು ಚಿಕ್ಕ ಡಬ್ಬಿಯಲ್ಲಿ 7-8 ಗ್ರಾಂ ಪ್ರೋಟೀನ್ ಸಿಗುತ್ತದೆ, ಹೊಟ್ಟೆಗೂ ಒಳ್ಳೆಯದು. ಒಳಗಿರುವ ಸಾಸಿನ ಪೊಟ್ಟಣದಲ್ಲಿ ಸಾಮಾನ್ಯವಾಗಿ ಕತ್ಸುಓ ಇರುತ್ತದೆ. ಅದನ್ನು ತೆಗೆದಿಟ್ಟು ಸಾದಾ ಸೋಯಾ ಸಾಸ್ ಎರಡು ಹನಿ ಹಾಕಿಕೊಳ್ಳಬಹುದು. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ನಟ್ಟೋ ಮುಟ್ಟಬಾರದು. ಅದರಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸವನ್ನು ಕೆಡಿಸುತ್ತದೆ.

ತರಕಾರಿಗೆ ಸ್ವಲ್ಪ ಹಟ ಮಾಡಬೇಕು. ದೊಡ್ಡವರು ದಿನಕ್ಕೆ 350 ಗ್ರಾಂ ತರಕಾರಿ ತಿನ್ನಬೇಕು ಅನ್ನುವುದು ಜಪಾನಿನ ಆರೋಗ್ಯ ಯೋಜನೆಯ ಗುರಿ. ಈ ಸಂಖ್ಯೆ ಅಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೇ ಜ್ಯೂಸ್ ಪೊಟ್ಟಣದ ಮೇಲೂ 350 ಗ್ರಾಂ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅಷ್ಟು ತರಕಾರಿಯಿಂದ ರಸ ತೆಗೆದಿದ್ದಾರೆ ಅಂತ ಅದರ ಅರ್ಥ. ರಸ ತೆಗೆಯುವಾಗ ನಾರಿನ ಬಹುಪಾಲು ಹೋಗಿರುತ್ತದೆ. ಏನೂ ಇಲ್ಲದ ದಿನ ಕುಡಿಯಲಿ, ಆದರೆ ಅದನ್ನು ತರಕಾರಿ ಊಟ ಅಂದುಕೊಳ್ಳುವುದು ಬೇಡ. ಸಣ್ಣಗೆ ಹೆಚ್ಚಿದ ಎಲೆಕೋಸಿನ ಚೀಲ ಎಲ್ಲ ಕೊಂಬಿನಿಯಲ್ಲೂ ಇರುತ್ತದೆ, ಬೆಲೆಯೂ ಕಡಿಮೆ. ಫ್ರೀಜರಿನಲ್ಲಿ ಪಾಲಕ್, ಬ್ರೊಕೊಲಿ ಇರುತ್ತವೆ. ಬಟ್ಟಲಿಗೆ ಅರ್ಧ ಚೀಲ ಎಲೆಕೋಸು, ಒಂದು ಹಿಡಿ ಪಾಲಕ್, ಒಂದು ಚಮಚ ನೀರು, ಮೇಲೊಂದು ತಟ್ಟೆ ಮುಚ್ಚಿ ಮೂರು ನಿಮಿಷ. ಆಮೇಲೆ ಚೂರು ಬೆಣ್ಣೆ, ಕಾಳುಮೆಣಸಿನ ಪುಡಿ, ನಿಂಬೆ ರಸ. ಪಲ್ಯಕ್ಕೆ ಒಗ್ಗರಣೆ ಇಲ್ಲ ಅನ್ನುವುದೊಂದೇ ಕೊರತೆ. ಹಣ್ಣಿಗೆ ಬಾಳೆಹಣ್ಣು ಒಂದೊಂದಾಗಿಯೂ ಸಿಗುತ್ತದೆ. ಸುಟ್ಟ ಸಿಹಿಗೆಣಸು ಕಂಡರೆ ಖಂಡಿತ ತರಿಸಿ, ನಾರು ಚೆನ್ನಾಗಿದೆ, ಏನನ್ನೂ ಸೇರಿಸಿರುವುದಿಲ್ಲ.

ಡಬ್ಬಿಗಳ ಮೇಲೆ ಬಿಸಿ ಮಾಡುವ ಸಮಯ ಎರಡು ಥರ ಬರೆದಿರುತ್ತಾರೆ, 1500 ವಾಟ್‌ಗೆ ಒಂದು, 500 ವಾಟ್‌ಗೆ ಒಂದು. 1500 ಅನ್ನುವುದು ಅಂಗಡಿಯ ಮೆಷಿನ್. ಹಾಸ್ಟೆಲ್ ರೂಮಿನದು ಸಾಮಾನ್ಯವಾಗಿ 500 ಅಥವಾ 600. ಚಿಕ್ಕ ಸಂಖ್ಯೆ ನೋಡಿ 40 ಸೆಕೆಂಡ್ ಇಟ್ಟು, ನಡುವೆ ತಣ್ಣಗೇ ಉಳಿದ ಊಟ ತಿನ್ನುವವರು ಬಹಳ. 500ರ ಸಮಯವನ್ನೇ ನೋಡಬೇಕು.

ಕುಡಿಯುವುದರ ಬಗ್ಗೆ ತಾಯಂದಿರು ಊಟದಷ್ಟು ಕೇಳುವುದಿಲ್ಲ. ಆದರೆ ಮೊದಲ ಎರಡು ದಿನ ಊಟಕ್ಕಿಂತ ಅದೇ ಮುಖ್ಯ. ಪೊಕಾರಿ ಸ್ವೆಟ್‌ನಂಥ ಪಾನೀಯ ಒಳ್ಳೆಯದೇ, ಆದರೆ ಅರ್ಧ ಲೀಟರಿನಲ್ಲಿ 31 ಗ್ರಾಂ ಸಕ್ಕರೆ ಅಂಶ ಇದೆ. ಎರಡು ಬಾಟಲ್ ಕುಡಿದರೆ ಇದ್ದ ಹಸಿವೂ ಸಾಯುತ್ತದೆ. ದಿನಕ್ಕೆ ಒಂದು ಬಾಟಲ್ ಸಾಕು, ಉಳಿದದ್ದು ನೀರು ಮತ್ತು ಬಾರ್ಲಿ ಚಹಾ. ಬಾರ್ಲಿ ಚಹಾದಲ್ಲಿ ಕೆಫೀನ್ ಇಲ್ಲ, ರಾತ್ರಿ ನಿದ್ದೆ ಕೆಡುವುದಿಲ್ಲ. ಗ್ರೀನ್ ಟೀ ಬಾಟಲಿನಲ್ಲಿ ಕೆಫೀನ್ ಇದೆ. ವಾಂತಿ ಭೇದಿ ಇದ್ದರೆ ಮಾತ್ರ ಓಎಸ್-1 ಅನ್ನುವ ಓಆರ್‌ಎಸ್ ಬಾಟಲ್ ತರಿಸಿ, ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಸುಮ್ನೆ ಬಾಯಾರಿಕೆಗೆ ಅದು ಬೇಡ, ಉಪ್ಪು ಜಾಸ್ತಿ. ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದು ನಿಮಗೇ ಗೊತ್ತಿರುವ ಲೆಕ್ಕ.

ಇನ್ನು ಒಂದು ದಿನ ಹೇಗೆ ಹೋಗಬಹುದು ಅಂತ ನೋಡಿ. ಜ್ವರ ಇಳಿದ ಮಾರನೇ ದಿನ ಅಂದುಕೊಳ್ಳೋಣ. ಬೆಳಿಗ್ಗೆ ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಬಿಸಿ ಮಾಡಿದ ಸೋಯಾ ಹಾಲು. ಮಧ್ಯಾಹ್ನ ಪ್ಯಾಕ್ ಅನ್ನ, ಎಲೆಕೋಸು ಪಾಲಕ್ ಪಲ್ಯ, ತೋಫು, ಅರ್ಧ ಡಬ್ಬಿ ಮೊಸರು. ಸಂಜೆ ಒಂದು ಹಿಡಿ ಎಡಮಾಮೆ, ಸಿಹಿಗೆಣಸು. ರಾತ್ರಿ ಇನ್ನೊಂದು ಪ್ಯಾಕ್ ಅನ್ನದಲ್ಲಿ ಮೊಸರನ್ನ, ಇನ್ನೊಂದು ಮೊಟ್ಟೆ ಅಥವಾ ಅವಳಿಗೆ ಇಷ್ಟವಾದ ಆ ಮೊಟ್ಟೆ ಸ್ಯಾಂಡ್‌ವಿಚ್‌ನ ಅರ್ಧ. ಪ್ರೋಟೀನ್ 50 ಗ್ರಾಂ ದಾಟುತ್ತದೆ, ಉಪ್ಪು ಅವಳ ಕೈಯಲ್ಲೇ ಇರುತ್ತದೆ. ಖರ್ಚು 1500ರಿಂದ 2000 ಯೆನ್ ಒಳಗೆ ಬರಬಹುದು. ಸೂಪರ್‌ಮಾರ್ಕೆಟ್ಟಿನಲ್ಲಿ ಇದೇ ಸಾಮಾನು ಅಗ್ಗ, ಗೆಳತಿಗೆ ಅನುಕೂಲ ಇದ್ದರೆ ಅಲ್ಲಿಂದಲೇ ತರಲಿ. ಅನ್ನ, ಸೋಯಾ ಹಾಲು, ನೀರು ಹೊತ್ತು ತರುವುದು ಭಾರ. ಆ ಹುಡುಗಿಗೂ ಕ್ಲಾಸು ಕೆಲಸ ಇರುತ್ತದಲ್ವಾ? ಮೂರು ದಿನಕ್ಕಾಗುವಷ್ಟನ್ನು ಒಮ್ಮೆ ಆನ್‌ಲೈನಲ್ಲಿ ತರಿಸಿ, ಬಾಗಿಲ ಹೊರಗೆ ಇಟ್ಟು ಹೋಗಿ ಅಂತ ಬರೆದರೆ ಹಾಗೇ ಮಾಡುತ್ತಾರೆ. ಊಬರ್ ಈಟ್ಸ್‌ನಲ್ಲಿ ಕೊಂಬಿನಿ ಸಾಮಾನೂ ಸಿಗುತ್ತದೆ. ಹೊಸದಾಗಿ ಬೇಕಾಗುವ ಹಣ್ಣು ಹಾಲಿಗಷ್ಟೇ ಗೆಳತಿಯನ್ನು ಕೇಳಲಿ.

ನಾಲ್ಕನೇ ದಿನದ ಹೊತ್ತಿಗೆ ಎಲ್ಲವೂ ಒಂದೇ ರುಚಿ ಅನಿಸತೊಡಗುತ್ತದೆ. ಜ್ವರಕ್ಕೆ ಮೂಗು ಕಟ್ಟಿರುವುದೂ ಒಂದು ಕಾರಣ. ಪ್ಯಾಕೆಟಿನಿಂದಲೇ ತಿನ್ನದೆ ಬಟ್ಟಲಿಗೆ ಹಾಕಿಕೊಂಡು ಮೇಜಿನ ಮುಂದೆ ಕೂತು ತಿನ್ನಲು ಹೇಳಿ. ಇದು ಚಿಕ್ಕ ಮಾತಲ್ಲ. ಮಂಚದಲ್ಲೇ ಫೋನ್ ನೋಡುತ್ತ ತಿಂದವರು ಅರ್ಧಕ್ಕೇ ಬಿಡುತ್ತಾರೆ. ನೀವು ವಿಡಿಯೊ ಕಾಲ್ ಮಾಡುವುದಾದರೆ ಅವಳ ಊಟದ ಹೊತ್ತಿಗೇ ಮಾಡಿ. ಅಲ್ಲಿ ನಮಗಿಂತ ಮೂರೂವರೆ ಗಂಟೆ ಮುಂದೆ. ನಿಮ್ಮ ಸಂಜೆ ನಾಲ್ಕೂವರೆ ಅಂದರೆ ಅವಳಿಗೆ ರಾತ್ರಿ ಎಂಟು. ಸಿಹಿ ತಿನ್ನಬೇಕು ಅನಿಸಿದರೆ ಬೇಡ ಅನ್ನಬೇಡಿ. ಅಕ್ಕಿ ಹಿಟ್ಟು, ಕೆಂಪು ಕಾಳಿನ ಹೂರಣ ಇರುವ ದೈಫುಕು ಒಂದು ತಿಂದರೆ ನಷ್ಟ ಇಲ್ಲ.

ಊಟದಿಂದ ಆಗದ ಕೆಲಸವೂ ಇದೆ. ಇಡೀ ದಿನ ಏನೂ ಒಳಗೆ ನಿಲ್ಲದಿದ್ದರೆ, ಮೂತ್ರ ತೀರಾ ಕಡಿಮೆಯಾಗಿ ಕಡು ಹಳದಿ ಆದರೆ, ಬಿಟ್ಟ ಜ್ವರ ಮತ್ತೆ ಏರಿದರೆ ಕಾಯಬಾರದು. ಫುಕುಓಕಾದಲ್ಲಿ #7119ಕ್ಕೆ ಫೋನ್ ಮಾಡಿದರೆ ಆಸ್ಪತ್ರೆಗೆ ಹೋಗಬೇಕಾ, ಎಲ್ಲಿಗೆ ಅಂತ ಹೇಳುತ್ತಾರೆ. ಉಸಿರಾಡಲು ಕಷ್ಟವಾದರೆ, ಮಾತು ತೊದಲಿದರೆ ನೇರವಾಗಿ 119, ಅದು ಆಂಬುಲೆನ್ಸ್. ಈ ಎರಡು ನಂಬರ್ ಗೆಳತಿಯ ಹತ್ತಿರವೂ ಇರಲಿ.

ಪಾರ್ಸೆಲ್ ಈಗ ಬೇಡ. ಅದು ತಲುಪುವ ಹೊತ್ತಿಗೆ ಅವಳು ಕ್ಲಾಸಿಗೆ ಹೋಗುತ್ತಿರುತ್ತಾಳೆ. ಮುಂದಿನ ಸಲಕ್ಕೆ ಅಂತ ನಿಧಾನವಾಗಿ ಕಳಿಸಿ: ಚಟ್ನಿಪುಡಿ, ಮೆಂತ್ಯದ ಹಿಟ್ಟು, ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ, ಉಪ್ಪಿಟ್ಟಿನ ಪ್ಯಾಕೆಟ್. ಪ್ಯಾಕ್ ಅನ್ನಕ್ಕೆ ಬೆಣ್ಣೆ ಹಾಕಿ ಚಟ್ನಿಪುಡಿ ಕಲಸಿದರೆ ಅಲ್ಲೇ ಒಂದು ಊಟ ಆಯಿತು. ಹಸಿ ಕರಿಬೇವು, ಹಣ್ಣು, ತರಕಾರಿ ಮಾತ್ರ ಒಳಗಿಡಬೇಡಿ. ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ಅವನ್ನು ಜಪಾನಿನೊಳಗೆ ಬಿಡುವುದಿಲ್ಲ. ಪುಡಿಗಳ ಪ್ಯಾಕೆಟ್ ಮೇಲೆ ಒಳಗೇನಿದೆ ಅಂತ ಇಂಗ್ಲಿಷಿನಲ್ಲಿ ಬರೆದು ಅಂಟಿಸಿ, ಕಸ್ಟಮ್ಸ್‌ನವರು ಕೇಳುವುದು ತಪ್ಪುತ್ತದೆ.